ಬರೆದವರು ಬೇರೆಯವರು

ನಮ್ಮ ಬಡಾವಣೆಯ ರಾಯರು ಪತ್ತೇದಾರಿ ಕಾದಂಬರಿ ಓದುವುದು ಕೊಲೆಗಾರನನ್ನು ಹಿಡಿಯಲಿಕ್ಕಲ್ಲ. ಅವನು ಕೊನೆಯ ಪುಟದಲ್ಲಿ ತಾನಾಗಿಯೇ ಸಿಕ್ಕಿಬೀಳುತ್ತಾನೆ, ಅದರಲ್ಲೇನು ಹೆಚ್ಚುಗಾರಿಕೆ? ರಾಯರು ಹಿಡಿಯಹೊರಡುವುದು ಬರೆದವನನ್ನು. ಪುಸ್ತಕ ಕೈಗೆ ಬಂದೊಡನೆ ಕನ್ನಡಕ ಹಣೆಗೇರಿಸಿ, ಮುಖಪುಟದ ಹೆಸರಿನ ಮೇಲೆ ಹೆಬ್ಬೆರಳೊತ್ತಿ, "ಇದನ್ನ ಬರೆದೋನು ಇವನಲ್ಲ ಬಿಡಿ" ಅನ್ನುತ್ತಾರೆ. ಇನ್ನೂ ಒಂದು ಹಾಳೆಯನ್ನೂ ತಿರುವಿರುವುದಿಲ್ಲ.

ಆಡಿಟ್ ಇಲಾಖೆಯಲ್ಲಿ ಕೂದಲು ಹಣ್ಣಾದವರು. ರುಜು ಇದೆ ಎಂದ ಮಾತ್ರಕ್ಕೆ ವೋಚರ್ ನಂಬುವ ಜಾಯಮಾನವಲ್ಲ. ಆದರೆ ಚಾಳಿಯ ಬೇರು ಇನ್ನೂ ಹಿಂದಿನದು. ಹುಡುಗರಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದ ಕಾದಂಬರಿಗಳು ನೂರು ಕೈ ದಾಟಿ ಬಂದವು. ಮೊದಲ ಹಾಳೆ ಹರಿದಿದ್ದರಿಂದ ಬರೆದವರಾರು ತಿಳಿಯದು. ಕೊನೆಯ ಹಾಳೆ ಹರಿದಿದ್ದರಿಂದ ಕೊಂದವರಾರು ತಿಳಿಯದು. ಎರಡನ್ನೂ ಹಾಸಿಗೆಯಲ್ಲಿ ಹೊರಳಾಡುತ್ತ ತಾವೇ ಊಹಿಸಬೇಕಾಗಿತ್ತು. ಈಗ ಹಾಳೆಗಳೆಲ್ಲ ನೆಟ್ಟಗಿರುವ ಪುಸ್ತಕ ಕೊಟ್ಟರೂ ಅವರಿಗೆ ನಂಬಿಕೆ ಬಾರದು.

ಅವರ ವಾದಕ್ಕೆ ಪುರಾವೆಗಳಿಲ್ಲ ಅನ್ನುವಂತೆಯೂ ಇಲ್ಲ. ಪಾರ್ಕಿನ ಬೆಂಚಿನ ಮೇಲೆ ಸಿಕ್ಕಿದವರಿಗೆಲ್ಲ ಬೆರಳು ಮಡಚಿ ಒಪ್ಪಿಸುತ್ತಾರೆ. 2013ರಲ್ಲಿ ಬಂದ ರಾಬರ್ಟ್ ಗಾಲ್‌ಬ್ರೈತ್‌ನ ಪತ್ತೇದಾರಿ ಕಾದಂಬರಿ ಹ್ಯಾರಿ ಪಾಟರ್‌ನ ತಾಯಿ ಜೆ.ಕೆ. ರೌಲಿಂಗ್‌ರದೇ. ಕಂಪ್ಯೂಟರಿನಲ್ಲಿ ಪದಗಳನ್ನು ಎಣಿಸಿಯೂ ನೋಡಿದರು. ಸ್ಪೇನಿನಲ್ಲಿ ಕಾರ್ಮೆನ್ ಮೋಲಾ ಎಂಬಾಕೆ ರಕ್ತ ಹರಿಯುವ ಕಾದಂಬರಿ ಬರೆಯುತ್ತಿದ್ದಳು. ಪ್ರೊಫೆಸರ್, ಮಕ್ಕಳ ತಾಯಿ ಅಂತೆಲ್ಲ ಪರಿಚಯ. 2021ರಲ್ಲಿ ಹತ್ತು ಲಕ್ಷ ಯೂರೋ ಬಹುಮಾನ ಕೂಗಿದಾಗ ವೇದಿಕೆ ಹತ್ತಿ ಬಂದವರು ಮೂವರು ಗಂಡಸರು! "ಅಷ್ಟು ದೂರ ಯಾಕೆ," ಎಂದು ರಾಯರು ದನಿ ತಗ್ಗಿಸುತ್ತಾರೆ. "ನಮ್ಮ ಮುದ್ದಣ? ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರು. ಬರೆದದ್ದನ್ನ ಹಳೇ ಕವಿಯದ್ದು ಅಂತ ಮೈಸೂರಿಗೆ ಕಳಿಸಿದ್ರು. 1901ರಲ್ಲಿ ಅವರು ತೀರಿಕೊಂಡ ಎಷ್ಟೋ ದಿನದ ಮೇಲೆ ಗುಟ್ಟು ಹೊರಬಿತ್ತು. ಇನ್ನು ಅವರ ಕೃತಿಯಲ್ಲಿ ಕೂತು ಕತೆ ಕೇಳೋ ಹೆಂಡತಿ ಮನೋರಮೆ ಯಾರು ಅಂತೀರಿ?"

ಯಾರೂ ಏನೂ ಅಂದಿರುವುದಿಲ್ಲ.

ನಾನೊಮ್ಮೆ ಎರಡು ಅಡ್ಡಮಾತು ಹಾಕಿ ನೋಡಿದ್ದುಂಟು. ರೌಲಿಂಗ್‌ರ ಗುಟ್ಟು ಮೊದಲು ರಟ್ಟಾದದ್ದು ಪದ ಎಣಿಸಿದ್ದರಿಂದಲ್ಲ. ವಕೀಲರೊಬ್ಬರು ಹೆಂಡತಿಯ ಗೆಳತಿಯ ಕಿವಿಗೆ ಹಾಕಿದ್ದರಿಂದ. ನಾಲ್ಕನೇ ಕ್ಲಾಸು ಓದಿದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ತಮ್ಮದೇ ಹೆಸರಿನಲ್ಲಿ. ರಾಯರು ಅನುಕಂಪದಿಂದ ನನ್ನ ಮಂಡಿ ತಟ್ಟಿದರು. "ನಿಮಗೆ ಮೇಲ್ಮೇಲೆ ಓದೋ ಅಭ್ಯಾಸ."

ಹೀಗಿರುವಾಗ ನಮ್ಮ ಗಣೇಶೋತ್ಸವದ ಸ್ಮರಣ ಸಂಚಿಕೆಯಲ್ಲಿ, ಮೆಡಿಕಲ್ ಶಾಪಿನ ಜಾಹೀರಾತಿಗೂ ಅಧ್ಯಕ್ಷರ ಫೋಟೋಗೂ ನಡುವೆ, 'ಅನಾಮಿಕ' ಎಂಬ ಹೆಸರಿನಲ್ಲಿ ಒಂದು ಕೊಲೆಯ ಕತೆ ಅಚ್ಚಾಯಿತು. ಜಮೀನ್ದಾರರೊಬ್ಬರು ಬೆಳಗಿನ ಕಾಫಿ ಕುಡಿದು ಸಾಯುತ್ತಾರೆ, ಅಷ್ಟೇ. ರಾಯರಿಗೆ ಪಿಂಚಣಿ ಹೆಚ್ಚಾದಷ್ಟು ಹುರುಪು ಬಂತು. ಸಂಚಿಕೆಯ ನಾಲ್ಕು ಪ್ರತಿ ಕೊಂಡರು. ಕೆಂಪು ಪೆನ್ಸಿಲು ಒಂದಕ್ಕೆ, ನೀಲಿ ಇನ್ನೊಂದಕ್ಕೆ. 'ಆದಾಗ್ಯೂ' ಹದಿನೇಳು ಸಲ, 'ಅಷ್ಟರಲ್ಲಿ' ಒಂಬತ್ತು ಸಲ.

ಮೊದಲು ಸಿಕ್ಕಿಬಿದ್ದವರು ಮೆಡಿಕಲ್ ಶಾಪಿನವರು: ವಿಷದ ಪ್ರಮಾಣ ಸರಿಯಾಗಿತ್ತು. ಆಮೇಲೆ ನಿವೃತ್ತ ಇಂಜಿನಿಯರು: ಮೆಟ್ಟಿಲುಗಳ ಲೆಕ್ಕ ತಪ್ಪಿರಲಿಲ್ಲ. ಆಮೇಲೆ ಸಂಸ್ಕೃತ ಮೇಷ್ಟ್ರು: ಮಹಾಪ್ರಾಣ ಒಂದೂ ಬಿಟ್ಟುಹೋಗಿರಲಿಲ್ಲ. ಮೂವರೂ ಬೆಳಗಿನ ವಾಕಿಂಗಿನ ದಾರಿ ಬದಲಿಸಿದರು.

ಒಂದು ಭಾನುವಾರ ರಾಯರು ಸಂಚಿಕೆ ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೇ ಬಂದರು. ಕಾಫಿ ಲೋಟ ಕೈಗಿಟ್ಟು ಕೂತೆ. "1926ರಲ್ಲಿ ಅಗಾಥಾ ಕ್ರಿಸ್ಟಿ ರೋಜರ್ ಅಕ್ರಾಯ್ಡ್ ಕಾದಂಬರಿ ಬರೆದು ಲೋಕಕ್ಕೇ ಟೋಪಿ ಹಾಕಿದಳು," ಎಂದು ಶುರುಮಾಡಿದರು. "ಅದರಿಂದ ನಾನು ಕಲಿತ ಪಾಠ ಒಂದೇ. ಪಕ್ಕದಲ್ಲಿ ಕೂತು ಸಾಧುವಾಗಿ ಕತೆ ಹೇಳ್ತಾ ಇರ್ತಾನಲ್ಲ, ಅವನನ್ನ ಮೊದಲು ಹಿಡೀಬೇಕು."

ನನ್ನ ಎದೆ ಡವಗುಟ್ಟಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು, "ರಾಯರೇ, ಆ ಕತೆ ಬರೆದದ್ದು ನಾನೇ" ಅಂದುಬಿಟ್ಟೆ.

ರಾಯರು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೀವಾ? ನೀರು ಬರ್ಲಿಲ್ಲ ಅಂತ ಸಂಘಕ್ಕೆ ಮೂರು ಅರ್ಜಿ ಬರೆದಿದ್ದೀರಿ. ಒಂದರಲ್ಲೂ 'ಆದಾಗ್ಯೂ' ಇಲ್ಲ. ಪಾಪ, ಯಾರನ್ನೋ ಉಳಿಸೋಕೆ ನೋಡ್ತಿದ್ದೀರಿ." ಸಂಚಿಕೆ ತೆರೆದು ಕೆಂಪು ಗೆರೆ ಎಳೆದ ಸಾಲಿಗೆ ಬೆರಳಿಟ್ಟರು. "ಇಲ್ಲಿ ನೋಡಿ. ಪುಡಿ ಜಾಸ್ತಿ ಒತ್ತಿದ್ದರಿಂದ ಡಿಕಾಕ್ಷನ್ ಇಳಿಯೋದು ಹತ್ತು ನಿಮಿಷ ತಡವಾಯ್ತು, ಆ ಹತ್ತು ನಿಮಿಷದಲ್ಲಿ ವಿಷ ಬಿತ್ತು. ಫಿಲ್ಟರಿನ ಈ ಸೂಕ್ಷ್ಮ ಯಾವ ಗಂಡಸಿಗೆ ಗೊತ್ತಿರುತ್ತೆ, ಹೇಳಿ?"

ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಬೆಳಗಿನ ಡಿಕಾಕ್ಷನ್ ಹಾಕುವವನು ನಾನು. ಅವರ ಕೈಯಲ್ಲಿದ್ದ ಲೋಟವೂ ನನ್ನದೇ ಕೃತಿ. ಬಾಯಿ ತೆರೆಯುವಷ್ಟರಲ್ಲಿ ರಾಯರು ಅಡುಗೆಮನೆಯ ಕಡೆ ತಿರುಗಿ ಕೈಮುಗಿದಾಗಿತ್ತು. "ಅಮ್ಮಾ, ಮನೋರಮೆ ಯಾರು ಅಂತ ಕೊನೆಗೂ ಗೊತ್ತಾಯ್ತು. ಕಾಫಿ ಬಹಳ ಚೆನ್ನಾಗಿದೆ. ಕತೇನೂ."

ನನ್ನವಳು ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು, ಒಂದು ಗಳಿಗೆ ನನ್ನನ್ನು ನೋಡಿ, "ಅಯ್ಯೋ, ಏನೋ ಸುಮ್ಮನೆ ಗೀಚಿದ್ದು ರಾಯರೇ" ಅಂದಳು.

ಈಗ ಬಡಾವಣೆಯಲ್ಲಿ ಅವಳಿಗೆ ಲೇಖಕಿಯ ಮರ್ಯಾದೆ. ಮುಂದಿನ ಸಂಚಿಕೆಗೂ ಒಂದು ಕೊಲೆ ಮಾಡಿಕೊಡಬೇಕೆಂದು ಸಮಿತಿಯವರು ಹಣ್ಣು ತಂದು ಕೇಳಿಕೊಂಡು ಹೋದರು. ಅವಳು ಒಪ್ಪಿದ್ದಾಳೆ. ಬರೆಯುವವನು ಎಂದಿನಂತೆ ನಾನು. ಈ ಸಲ ಯಾರು ಸಾಯಬೇಕು ಎಂಬುದನ್ನು ಮಾತ್ರ ನನ್ನ ಇಷ್ಟಕ್ಕೇ ಬಿಟ್ಟಿದ್ದಾಳೆ. ನಿವೃತ್ತ ಆಡಿಟರ್ ಒಬ್ಬರು ನನ್ನ ಮನಸ್ಸಿನಲ್ಲಿದ್ದಾರೆ.