ಕಾರಿಗೆಲ್ಲಿ ಬೇಸಿಗೆಯ ವೇಳೆ?

ಕಲಬುರಗಿ ಕಡೆಯ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ವೇಳೆಯೇ ಬೇರೆ. ಬೆಳಗ್ಗೆ 8ಕ್ಕೆ ತೆರೆದ ಬಾಗಿಲು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ನೌಕರರು ಮನೆ ಸೇರಿ, ಮಜ್ಜಿಗೆ ಕುಡಿದು, ಕೂಲರಿನ ಮುಂದೆ ಅಡ್ಡಾಗುತ್ತಾರೆ. ಅವರನ್ನು ಹೊತ್ತು ತಂದ ಕಾರಿಗೆ ಮಾತ್ರ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಅದು 42 ಡಿಗ್ರಿಯಲ್ಲಿ ಗೇಟಿನಾಚೆ ನಿಂತೇ ಇರುತ್ತದೆ.

ಅದಕ್ಕೇ ನಮ್ಮ ಓಣಿಯ ಬೇವಿನ ಮರದಡಿಯ ಜಾಗಕ್ಕೆ ಪಂಚಾಯಿತಿ ಚುನಾವಣೆಗಿಂತ ಹೆಚ್ಚಿನ ಪೈಪೋಟಿ. ಗೆದ್ದವರಿಗೂ ಸುಖವಿಲ್ಲ. ಹನ್ನೆರಡಕ್ಕೆ ಬಾನೆಟ್ಟಿನ ಮೇಲಿದ್ದ ನೆರಳು ಎರಡಕ್ಕೆ ಎದುರು ಮನೆಯ ಗೋಡೆಗೆ ಹೋಗಿರುತ್ತದೆ. ಕಾಗೆಗಳು ಮಾಡಿದ್ದು ಮಾತ್ರ ಕಾರಿನ ಮೇಲೆಯೇ ಉಳಿಯುತ್ತದೆ. ಕಾದ ಬಣ್ಣದ ಮೇಲೆ ಅದು ಒಣಗಿದರೆ ಕಲೆ ಹೋಗುವುದಿಲ್ಲ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸೋಣವೆಂದರೆ 2012ರಲ್ಲೇ ಸುಪ್ರೀಂ ಕೋರ್ಟ್ ಬೇಡವೆಂದಿದೆ. 2019ರ ಮೇನಲ್ಲಿ ಅಹಮದಾಬಾದಿನ ಒಂದು ಕಾರಿಗೆ ಮೈತುಂಬ ಸಗಣಿ ಸಾರಿಸಿದ ಚಿತ್ರ ದೇಶವೆಲ್ಲ ಓಡಾಡಿತಲ್ಲ, ಪಕ್ಕದ ಮನೆಯ ಕಾಕಾ ಅದನ್ನು ಈಗಲೂ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ಕಾಕೂ ಒಪ್ಪದ್ದರಿಂದ ಅವರ ಕಾರು ಇನ್ನೂ ಬೆಳ್ಳಗಿದೆ.

ಕಾಕಾರ ಸಲಹೆಗಳಿಗೆ ಬರಗಾಲವೆಂಬುದಿಲ್ಲ. "ಬಿಸಿಲಿಗಿ ಗಾಳಿ ಹಿಗ್ಗತದ ತಮ್ಮಾ, ಟೈರಿನಾಗ ನಾಕು ಪಾಯಿಂಟ್ ಕಮ್ಮಿ ಇಡು" ಎನ್ನುತ್ತಾರೆ. ಗಾಳಿ ಹಿಗ್ಗುವುದೇನೋ ನಿಜ. ಆದರೆ ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ. ಹೆದ್ದಾರಿಯಲ್ಲಿ ಸಿಡಿಯುವುದು ಹೆಚ್ಚಾಗಿ ಅಂಥದ್ದೇ. ಎಷ್ಟು ಗಾಳಿ ಬೇಕೆಂದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಬೆಳಗ್ಗೆ, ಕಾರು ಓಡುವ ಮೊದಲು ಅಷ್ಟು ಹಾಕಿಸಿದರೆ ಮುಗಿಯಿತು. ನೈಟ್ರೋಜನ್ನೇ ಬೇಕೆಂದು ದುಡ್ಡು ಕೊಡುವವರು ನೆನಪಿಡಬೇಕು: ಪುಕ್ಕಟೆ ಗಾಳಿಯಲ್ಲೂ ಶೇಕಡಾ 78 ಅದೇ ಇದೆ.

ಕಾಕಾ ರೇಡಿಯೇಟರಿಗೆ ವರ್ಷಗಟ್ಟಲೆ ಬೋರ್ ನೀರನ್ನೇ ಹಾಕಿದವರು. ಕೂಲಂಟ್ ಎಂದರೆ ಬಣ್ಣದ ನೀರು, ಕಂಪನಿಯವರ ಲೂಟಿ ಎಂದು ಅವರ ವಾದ. ನಮ್ಮ ಭಾಗದ ನೆಲವೋ ಸುಣ್ಣಕಲ್ಲಿನದು. ಆ ನೀರು ಕಾದಂತೆಲ್ಲ ಒಳಗೆ ಸುಣ್ಣ ಕಟ್ಟುತ್ತಾ ಹೋಗುತ್ತದೆ. ಮನೆಗೆ ಹಾಸುವ ಶಹಾಬಾದ್ ಕಲ್ಲಿನಲ್ಲಿರುವುದೂ ಮುಖ್ಯವಾಗಿ ಅದೇ ಪದಾರ್ಥ. ರೇಡಿಯೇಟರ್ ಬಿಚ್ಚಿದ ಮೆಕ್ಯಾನಿಕ್ ಒಳಗೆ ಇಣುಕಿ, "ಫರಸಿ ಹಾಸೀರಲ್ರೀ ಕಾಕಾ ಇದಕ್ಕ!" ಎಂದ.

ಬಿಚ್ಚುವ ಪ್ರಸಂಗ ಬಂದದ್ದು ಶಹಾಬಾದಿನಿಂದ ಮರಳುವಾಗ. ಮುಳ್ಳು ಕೆಂಪು ಗೆರೆಯತ್ತ ಏರತೊಡಗಿತು. ಎಸಿ ಆರಿಸಿ ಹೀಟರ್ ಪೂರ್ತಿ ಹಾಕಿ ಎಂದೆ. "ತಲಿಗಿಲಿ ಕೆಟ್ಟದೇನು ನಿನಗ?" ಎಂದರು ಕಾಕಾ. ಹಿಂದಿನ ಸೀಟಿನಿಂದ ಕಾಕೂ ಕೂಡ ಅದನ್ನೇ ಕೇಳಿದರು. ಹೀಟರಿನೊಳಗಿರುವುದೂ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ನಿನ ಬಿಸಿಯನ್ನು ಅಷ್ಟಿಷ್ಟು ನಮ್ಮ ಮೇಲೆ ಊದಿ ಎಂಜಿನ್ನನ್ನು ಕಾಯುತ್ತದೆ. ಮೂವರೂ ಬೆಂದೆವು, ಮುಳ್ಳು ಇಳಿಯಿತು. ನಿಲ್ಲಿಸಿದ ಮೇಲೆ ಕಾಕಾ ರೇಡಿಯೇಟರಿನ ಮುಚ್ಚಳ ತಿರುಗಿಸಲು ಟವೆಲ್ ಹಿಡಿದು ಹೊರಟರು. ಒತ್ತಡದಲ್ಲಿ ಆ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ಸಡಿಲವಾದರೆ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಡೆದದ್ದು ನಾನಲ್ಲ, ಕಾಕೂ. ಈಗ ಆ ಕಾರಿನಲ್ಲಿ ಹಸಿರು ಕೂಲಂಟ್ ಇದೆ, ಕಾಕಾರ ವಾದವೂ ಹಾಗೇ ಇದೆ.

ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ ಗಾಜು ಮುಚ್ಚಿ ಎಸಿ ಹಾಕುವುದು ವ್ಯರ್ಥ. ಒಳಗಿನ ಕುದಿಗಾಳಿ ಮೊದಲು ಹೊರಗೆ ಹೋಗಲಿ, ಎಲ್ಲ ಗಾಜು ಇಳಿಸಿ ಸ್ವಲ್ಪ ದೂರ ಓಡಿಸಿ. ಗಾಜು ಏರಿಸಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರಬಲ್ಲದು. ಆದ್ದರಿಂದ ಒಂದೇ ಕೋರಿಕೆ: ಕಿರಾಣಿ ಅಂಗಡಿಗೆ ಈಗ ಹೋಗಿ ಈಗ ಬಂದೆ ಎಂದು ಮಗುವನ್ನು ಕಾರಿನೊಳಗೆ ಬಿಟ್ಟು ಇಳಿಯಬೇಡಿ, ಕರೆದುಕೊಂಡೇ ಹೋಗಿ.