ಯಾರ ಪೈಕಿ ಮೀಮಾಂಸೆ

ಕಾಲೇಜು ಪ್ರವೇಶದಲ್ಲಿ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ ನಡೆಸುವ ಸಂದರ್ಶನಕ್ಕೆ ಎಷ್ಟು ತೂಕ ಎಂಬುದನ್ನು ಅಮೆರಿಕದ ಪಂಡಿತರು ಬಹಳ ಚರ್ಚಿಸಿದ್ದಾರೆ. ಅವರಾರೂ ಧಾರವಾಡದ ಮಾಳಮಡ್ಡಿ ಕಡೆ ಹಾಯದ ಕಾರಣ ಆ ವಾದಗಳೆಲ್ಲ ಅರೆಬೆಂದಿವೆ. ಕೊರತೆ ನೀಗಲೆಂದು ಈ ಪ್ರಬಂಧ. ಕ್ಷೇತ್ರಕಾರ್ಯಕ್ಕೆ ಹಿಡಿದದ್ದು ಮೂರು ಬೇಸಿಗೆ. ಉಪಕರಣ: ಒಂದು ಆರಾಮ ಕುರ್ಚಿ, ಅದರೆದುರು ಕಾಲು ಸಡಿಲಾದ ಒಂದು ಸ್ಟೂಲು. ಚಹಾದ ಲೆಕ್ಕ ಇಟ್ಟಿಲ್ಲ.

ಮೊದಲು ಸಂದರ್ಶಕನ ಲಕ್ಷಣ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿನಲ್ಲಿ ಓದಿ, ಎಲ್ಲೋ ನೌಕರಿ ಮಾಡಿ, ನಿವೃತ್ತನಾಗಿ, ಸಂಜೆ ಐದಕ್ಕೆ ಪಡಸಾಲೆಯಲ್ಲಿ ಕೂಡುವವನೇ ಸಂದರ್ಶಕ. ಕಾಲೇಜು ಇವನಿಗೆ ಯಾವ ಅಧಿಕಾರವನ್ನೂ ಕೊಟ್ಟಿಲ್ಲ. ಆದ್ದರಿಂದ ಅದನ್ನು ಯಾರೂ ಕಸಿದುಕೊಳ್ಳುವಂತೆಯೂ ಇಲ್ಲ. ಇವನು ಗಿರೀಶ ಕಾರ್ನಾಡರ ಬೆಂಚಿನಲ್ಲೇ ಕೂತಿರಬೇಕಾದದ್ದು ಕಡ್ಡಾಯ. ಕಾರ್ನಾಡರು ಅಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಬಿ.ಎ. ಮುಗಿಸಿದರು. ಆ ಬೆಂಚಿನಲ್ಲಿ ಕೂತಿದ್ದೆವೆಂದು ನನ್ನೆದುರು ಹೇಳಿದವರನ್ನೆಲ್ಲ ಸಾಲಾಗಿ ಕೂಡಿಸಿದರೆ ಅದರ ಒಂದು ತುದಿ ಕಾಲೇಜಿನಲ್ಲಿ, ಇನ್ನೊಂದು ನವಲೂರಿನ ಪೇರಲ ತೋಟದಲ್ಲಿ. ಅವರಲ್ಲೊಬ್ಬರು 1958ರಲ್ಲಿ ಮೂರನೇ ಇಯತ್ತೆಯಲ್ಲಿದ್ದರು.

ಇನ್ನು ಪ್ರಯೋಗ. ಅಭ್ಯರ್ಥಿ ಪಿಯುಸಿ ಮುಗಿಸಿದ ಹುಡುಗಿ. ಅವ್ವ ಕಳಿಸಿದ್ದಕ್ಕೆ ಬಂದವಳು.

"ಬಾ ತಂಗಿ, ಕೂಡು. ಯಾರ ಪೈಕಿ ನೀ?"

"ಅಮ್ಮಿನಬಾವಿ ಕಡೆಯವರ್ರಿ ಅಜ್ಜಾರ."

"ಅಮ್ಮಿನಬಾವ್ಯಾಗ ಯಾರ ಮನಿ? ನಮ್ಮ ಅತ್ತಿ ಮನಿ ಅಲ್ಲೇ ಅದ."

ಹುಡುಗಿ ಓಣಿ ಹೇಳಿದಳು. ಅಜ್ಜ ಕಣ್ಣು ಮುಚ್ಚಿ ಆ ಓಣಿಯ ತುದಿಯವರೆಗೆ ಒಂದೊಂದೇ ಮನೆ ದಾಟಿ ಹೋಗಿ ಬಂದರು.

"ಹಂಗಾರ ನಮ್ಮವರ ಆದಿ. ಇಂಜಿನಿಯರಿಂಗ್ ಯಾಕ ಬೇಕ ನಿನಗ? ನಮ್ಮ ಕಾಲದಾಗ..."

'ನಮ್ಮ ಕಾಲದಾಗ' ಎಂಬಲ್ಲಿಗೆ ಸಂದರ್ಶನದ ಪೂರ್ವಾರ್ಧ ಮುಗಿಯಿತು. ಉತ್ತರಾರ್ಧದಲ್ಲಿ ಅಭ್ಯರ್ಥಿ ಬಾಯಿ ತೆರೆಯುವುದು ಒಗ್ಗರಣಿ ಅವಲಕ್ಕಿ ತಿನ್ನಲಿಕ್ಕೆ ಮಾತ್ರ. ಅವಲಕ್ಕಿ ಆರಿತು, ಅಜ್ಜ ಇನ್ನೂ ಇಂಟರ್ ಪರೀಕ್ಷೆಯಲ್ಲೇ ಇದ್ದರು.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ: ಕರ್ನಾಟಕದಲ್ಲಿ 1994ರಿಂದ ಸಿಇಟಿ ಇದೆ, ಸೀಟು ರ‍್ಯಾಂಕಿನ ಮೇಲೆ ಸಿಗುತ್ತದೆ, 2016ರಲ್ಲಿ ವಾಲ್ಮಿಯ ಆವರಣದಲ್ಲಿ ಶುರುವಾದ ಧಾರವಾಡದ ಐಐಟಿಗೂ ಜೆಇಇ ಸಾಕು, ಹೀಗಿರುವಾಗ ಅಜ್ಜನ ಸಂದರ್ಶನದ ತೂಕ ಸೊನ್ನೆಯಲ್ಲವೇ? ಪೂರ್ವಪಕ್ಷಿಗೆ ವಸ್ತುಸ್ಥಿತಿ ತಿಳಿಯದು. ಸಿಇಟಿಯ ಅರ್ಜಿಯೂ 'ಯಾರ ಪೈಕಿ' ಎಂದು ಕೇಳುತ್ತದೆ. ಆದರೆ ಒಂದು ಕಾಲಮ್ಮಿನಲ್ಲಿ ಕೇಳಿ ಸುಮ್ಮನಾಗುತ್ತದೆ, ಅತ್ತೆಯ ಮನೆಯವರೆಗೆ ಹೋಗುವುದಿಲ್ಲ.

ಎದುರು ಕೂಡಿಸಿ ಅಳೆದ ಕಾಲವೂ ಇತ್ತು. 1947ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜನ್ನು ಸೇರುವಾಗ ಪ್ರಾಂಶುಪಾಲರು ತಮಗೆ ಮೂರು ಷರತ್ತು ಹಾಕಿದ್ದನ್ನು ಸುಧಾ ಮೂರ್ತಿಯವರೇ ಹೇಳಿಕೊಂಡಿದ್ದಾರೆ: ಸೀರೆಯನ್ನೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ವಿದ್ಯುತ್ತಿನ ಇಂಜಿನಿಯರಿಂಗ್ ಕಲಿಯಲು ಬಂದವರಿಗೆ ಓಮನ ನಿಯಮ ಕೇಳಿದ ಸುದ್ದಿಯೇ ಇಲ್ಲ. ಮೂರನೇ ಷರತ್ತನ್ನು ಮುರಿದವರು ಹುಡುಗರು. ಮೊದಲ ವರ್ಷದ ಫಲಿತಾಂಶದಲ್ಲಿ ಇವರು ಮುಂದೆ ಬಂದದ್ದು ಕಂಡು ತಾವಾಗಿ ಮಾತಾಡಿಸಲು ಬಂದರಂತೆ.

ಸಂದರ್ಶನದಿಂದ ನಿಜವಾಗಿ ಬಾಗಿಲು ತೆರೆದ ಉದಾಹರಣೆ ಬೇಕೆಂದರೆ ಮತ್ತೆ ಆ ಬೆಂಚಿಗೇ ಬರಬೇಕು. ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ರೋಡ್ಸ್ ಆಯ್ಕೆಯಲ್ಲಿ ಸಂದರ್ಶನವೇ ಜೀವಾಳ, ಸಮಿತಿಯಲ್ಲಿ ಹಳೆಯ ರೋಡ್ಸ್ ವಿದ್ಯಾರ್ಥಿಗಳು ಇಂದಿಗೂ ಕೂಡುತ್ತಾರೆ. ಇದನ್ನು ನಾನು ಅಜ್ಜನಿಗೆ ಹೇಳಿದ್ದು ತಪ್ಪಾಯಿತು. ಮರುದಿನದಿಂದ ಅವರ ಪಡಸಾಲೆಯೂ ಆಕ್ಸ್‌ಫರ್ಡ್ ಪದ್ಧತಿಯದಾಯಿತು.

ಅಮೆರಿಕದ ಚರಿತ್ರೆ ಅಷ್ಟು ನಗುವಂಥದಲ್ಲ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಬರೀ ಪರೀಕ್ಷೆ ಬಿಟ್ಟು ಶೀಲ, ಭಾವಚಿತ್ರ, ಸಂದರ್ಶನಗಳ ಬೆನ್ನು ಹತ್ತಿದ್ದು ಯಹೂದಿ ಹುಡುಗರು ಹೆಚ್ಚುತ್ತಿದ್ದಾರೆಂದು. ನಮ್ಮ ಅಜ್ಜ ಸೇರಿಸಿಕೊಳ್ಳಲು ಕೇಳುವ ಪ್ರಶ್ನೆಯನ್ನು ಅವರು ಹೊರಗಿಡಲು ಕೇಳಿದರು. ನಮ್ಮ ಊರಲ್ಲಿಯೂ 'ನಮ್ಮವರ ಆದಿ' ಎನ್ನಿಸಿಕೊಳ್ಳದೆ ಸ್ಟೂಲಿನಿಂದ ಎದ್ದುಹೋದವರು ಇದ್ದಾರೆ. ಆ ಅಧ್ಯಾಯ ಬರೆಯುವ ಅರ್ಹತೆ ಅವರದು, ನನ್ನದಲ್ಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಹಾರ್ವರ್ಡ್ ಮೊಕದ್ದಮೆಯಲ್ಲಿ ಇನ್ನೊಂದು ಸೋಜಿಗ ಹೊರಬಿತ್ತು. ಎದುರು ಕೂತು ಮಾತಾಡಿಸಿದ ಹಳೆಯ ವಿದ್ಯಾರ್ಥಿಗಳು ಏಷ್ಯಾ ಮೂಲದ ಮಕ್ಕಳ ವ್ಯಕ್ತಿತ್ವಕ್ಕೆ ಬಿಳಿಯ ಮಕ್ಕಳಿಗೆ ಹೆಚ್ಚುಕಡಿಮೆ ಸರಿಸಮ ದರ್ಜೆ ಕೊಟ್ಟಿದ್ದರು. ಬಹುಪಾಲು ಮಕ್ಕಳ ಮುಖವನ್ನೇ ನೋಡದ ಪ್ರವೇಶ ಕಚೇರಿ ಕಡಿಮೆ ಕೊಟ್ಟಿತ್ತು. ಅಂದರೆ ತೂಕವಿಲ್ಲದವನ ತಕ್ಕಡಿಯೇ ನೆಟ್ಟಗಿತ್ತು.

ಬ್ರೌನ್, ಕೊಲಂಬಿಯಾಗಳು ಈ ಸಂದರ್ಶನವನ್ನೇ ಕೈಬಿಟ್ಟಿವೆ. ಉಳಿದವು ಯಾಕೆ ಬಿಟ್ಟಿಲ್ಲ? ಸಿದ್ಧಾಂತ ಇಷ್ಟೇ: ಸಂದರ್ಶನ ಇರುವುದು ಹುಡುಗಿಗಾಗಿ ಅಲ್ಲ, ಅಜ್ಜನಿಗಾಗಿ. ಪ್ರಶ್ನೆ ಕೇಳಿದವನಿಗೆ ಕಾಲೇಜು ಇನ್ನೂ ತನ್ನದೇ ಅನ್ನಿಸುತ್ತದೆ. ಹಾಗನ್ನಿಸಿದವನು ದೇಣಿಗೆಯ ಪತ್ರ ಬಂದಾಗ ಕನ್ನಡಕ ಹುಡುಕುವ ನೆಪ ಹೂಡುವುದಿಲ್ಲ. ನಮ್ಮ ಅಜ್ಜನಿಗೆ ಅಂಥ ಪತ್ರವೂ ಬಂದಿಲ್ಲ. ಅವರದು ಶುದ್ಧ ಶಾಸ್ತ್ರ.

ಹುಡುಗಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಹುಬ್ಬಳ್ಳಿಯಲ್ಲೇ ಸೀಟು ಸಿಕ್ಕಿತು. ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಡೆ ಹಿಡಿದು ಪಡಸಾಲೆಗೆ ಬಂದಳು. ಅಜ್ಜ ಒಂದು ಪೇಡೆ ಬಾಯಿಗಿಟ್ಟು, ಬೆರಳಿಗಂಟಿದ ಸಕ್ಕರೆಯನ್ನು ಧೋತರದ ಅಂಚಿಗೆ ಒರೆಸಿ ನನ್ನ ಕಡೆ ತಿರುಗಿದರು.

"ನಾ ಅವತ್ತ ಹೇಳಿದ್ನಿಲ್ಲೋ, ಈಕಿಗೆ ಸಿಕ್ಕೇ ಸಿಗತದ ಅಂತ?"

ಆಮೇಲೆ ಡಬ್ಬಿ ಮುಚ್ಚಿ ಹುಡುಗಿಯ ಮುಖ ನೋಡಿದರು.

"ಯಾರ ಪೈಕಿ ಅಂದಿ ತಂಗಿ ನೀ?"