ಎರವಲು ತಂದ ನಾಲ್ಕು ಸಾಲು

ವೆಬ್‌ಸೈಟ್ ಕಟ್ಟುವವರ ಲ್ಯಾಪ್‌ಟಾಪಿನಲ್ಲಿ ‘ನೋಟ್ಸ್’ ಎಂಬ ಫೈಲೊಂದು ಇದ್ದೇ ಇರುತ್ತದೆ. ಅದು ತುಂಬಿದರೆ ‘ನೋಟ್ಸ್ 2’, ಆಮೇಲೆ ‘ನೋಟ್ಸ್ ಹೊಸದು’. ತೆರೆದು ನೋಡಿದರೆ ಸರ್ವರ್‌ಗೆ ಫೈರ್‌ವಾಲ್ ಹಾಕುವ ಎರಡು ಸಾಲು, ಎಂಜಿನ್‌ಎಕ್ಸ್ ಕಾನ್ಫಿಗ್‌ನ ಒಂದು ತುಂಡು, ಡಿವ್ ಅನ್ನು ಪರದೆಯ ನಟ್ಟನಡುವೆ ಕೂರಿಸುವ ಮೂರು ಸಾಲು, ಅವುಗಳ ಮಧ್ಯೆ ಗ್ಯಾಸ್ ಬುಕಿಂಗ್ ನಂಬರು. ಡಿವ್ ಕೂರಿಸುವುದು ಇಷ್ಟು ವರ್ಷವಾದರೂ ಯಾರಿಗೂ ಬಾಯಿಪಾಠ ಬಂದಿಲ್ಲ. ಬರಬೇಕೆಂಬ ಹಟವೂ ಯಾರಿಗಿಲ್ಲ.

“ಗುರೂ, ಆ ಎಂಜಿನ್‌ಎಕ್ಸ್ ಫೈಲ್ ಸ್ವಲ್ಪ ಕಳಿಸ್ತೀಯಾ?” ಎಂದರೆ ಇಲ್ಲವೆನ್ನುವವರನ್ನು ನಾನು ಕಂಡಿಲ್ಲ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ. ಕೇಳಲು ಸಂಕೋಚವಿಲ್ಲ, ಕೊಟ್ಟವರಿಗೆ ನಷ್ಟವಿಲ್ಲ. ಆ ಮನೆಯ ಹುಳಿ ಮಾತ್ರ ಈ ಮನೆಗೂ ಬರುತ್ತದೆ.

ಎಂಥ ಹುಳಿ ಅಂತೀರಾ? 2010ರಲ್ಲಿ ಆಂಡ್ರಿಯಾಸ್ ಲುಂಡ್‌ಬ್ಲಾಡ್ ಎಂಬವರು ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪುಟ್ಟದೊಂದು ಜಾವಾ ಕೋಡ್ ಬರೆದರು. ಫೈಲಿನ ಗಾತ್ರವನ್ನು ಕೆಬಿ, ಎಂಬಿ ಎಂದು ಓದಲು ಬರುವಂತೆ ತೋರಿಸುವುದಷ್ಟೇ ಅದರ ಕೆಲಸ. ಅಲ್ಲಿಂದ ಅತಿ ಹೆಚ್ಚು ನಕಲಾದ ಜಾವಾ ಕೋಡ್ ಇದೇ ಎಂದು ಸಂಶೋಧಕರು ಆಮೇಲೆ ಲೆಕ್ಕ ಹಾಕಿದರು. 2019ರಲ್ಲಿ ಲುಂಡ್‌ಬ್ಲಾಡ್ ಅವರೇ ಬರೆದರು: ಅದರಲ್ಲಿ ತಪ್ಪಿದೆ. 9,99,999 ಬೈಟ್ ಕೊಟ್ಟರೆ 1.0 ಎಂಬಿ ಅನ್ನಬೇಕಾದದ್ದು 1000.0 ಕೆಬಿ ಅನ್ನುತ್ತಿತ್ತು. ಅಷ್ಟರಲ್ಲಿ ಆ ತಪ್ಪು ಎಷ್ಟೋ ಪ್ರಾಜೆಕ್ಟುಗಳಲ್ಲಿ ಮನೆ ಮಾಡಿಯಾಗಿತ್ತು.

ಹಾಗೆಂದು ಕಾಪಿ ಮಾಡುವವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. 2016ರ ಮಾರ್ಚಿನಲ್ಲಿ ಎನ್‌ಪಿಎಂನಿಂದ ಲೆಫ್ಟ್-ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡರು. ಜಗಳ ಬೇರೊಂದು ಪ್ಯಾಕೇಜಿನ ಹೆಸರಿನದು. ಲೆಫ್ಟ್-ಪ್ಯಾಡ್ ಇದ್ದದ್ದು 11 ಸಾಲು, ಪದದ ಎಡಕ್ಕೆ ಖಾಲಿ ಜಾಗ ತುಂಬುವ ಕೋಡ್. ಅದಿಲ್ಲದೆ ಬೇಬಲ್‌ನಂಥ ದೊಡ್ಡವರ ಬಿಲ್ಡ್‌ಗಳೇ ಮುಗ್ಗರಿಸಿದವು. ಎನ್‌ಪಿಎಂನವರು ಅದನ್ನು ಆತುರಾತುರವಾಗಿ ವಾಪಸು ತಂದರು. ಆ 11 ಸಾಲನ್ನು ನೋಟ್ಸ್ ಫೈಲಿನಿಂದ ತಂದು ಅಂಟಿಸಿಕೊಂಡಿದ್ದ ಬಡಪಾಯಿ ಅಂದು ನೆಮ್ಮದಿಯಾಗಿ ಕಾಫಿ ಕುಡಿದಿರಬೇಕು.

ತೊಂದರೆ ಇರುವುದು ಕಾರಣ ಬಿಟ್ಟು ಸಾಲನ್ನಷ್ಟೇ ತರುವುದರಲ್ಲಿ. ಎಂಜಿನ್‌ಎಕ್ಸ್‌ನ ‘ಪ್ರಾಕ್ಸಿ ಪಾಸ್’ ಸಾಲನ್ನೇ ನೋಡಿ. ಲೊಕೇಶನ್ /ಎಪಿಐ/, ಬ್ರೌಸರ್ ಕೇಳಿದ್ದು /ಎಪಿಐ/ಯೂಸರ್ಸ್ ಎಂದಿಟ್ಟುಕೊಳ್ಳಿ. ವಿಳಾಸದಲ್ಲಿ ಪೋರ್ಟ್ 3000 ಆದಮೇಲೆ ಒಂದು ಓರೆಗೆರೆ ಇದ್ದರೆ, ಹಿಂದಿರುವ ಆ್ಯಪ್‌ಗೆ /ಯೂಸರ್ಸ್ ಎಂದಷ್ಟೇ ತಲುಪುತ್ತದೆ. ಗೆರೆ ಇಲ್ಲದಿದ್ದರೆ /ಎಪಿಐ/ಯೂಸರ್ಸ್ ಎಂದು ಇಡಿಯಾಗಿ ಹೋಗುತ್ತದೆ. ಕಣ್ಣಿಗೆ ಬೀಳದ ಒಂದು ಗೆರೆಗಾಗಿ ಮಧ್ಯಾಹ್ನವೆಲ್ಲ 404 ನೋಡುತ್ತ ಕೂತವರುಂಟು. ವರ್ಡ್ ಫೈಲಿನಲ್ಲಿ ಟೈಪಿಸಿಟ್ಟವರ ಪಾಡು ಇನ್ನೂ ಚೆನ್ನ. ವರ್ಡ್ ಅಕ್ಕರೆಯಿಂದ ಉದ್ಧರಣ ಚಿಹ್ನೆಗಳನ್ನು ಬಾಗಿಸಿಬಿಡುತ್ತದೆ. ಟರ್ಮಿನಲ್‌ಗೆ ಆ ಬಾಗು ಅರ್ಥವಾಗುವುದಿಲ್ಲ.

ಪರ್ಮಿಷನ್ ಎರರ್ ಬಂದ ಕೂಡಲೆ ‘777’ ಹೊಡೆಯುವ ಸಾಲಂತೂ ಎಲ್ಲರ ಫೈಲಿನಲ್ಲೂ ಇದೆ. ನಾಲ್ಕು ಅಂದರೆ ಓದು, ಎರಡು ಅಂದರೆ ಬರೆ, ಒಂದು ಅಂದರೆ ನಡೆಸು, ಕೂಡಿದರೆ ಏಳು. ಒಡೆಯನಿಗೆ ಏಳು, ಗುಂಪಿಗೆ ಏಳು, ದಾರಿಹೋಕನಿಗೂ ಏಳು. ಎರರ್ ಹೋಗುತ್ತದೆ, ನಿಜ. ಇಂಥ ಔದಾರ್ಯ ಸರ್ವರ್‌ಗೆ ತಕ್ಕದ್ದಲ್ಲ. ಆ ಸಾಲನ್ನು ಇವತ್ತೇ ಅಳಿಸಿಬಿಡಿ.

ಉಳಿದ ಸಾಲುಗಳ ಪಕ್ಕದಲ್ಲಿ ಯಾಕೆ ಎಂದು ನಾಲ್ಕು ಮಾತು ಬರೆದಿಡಿ, ಕನ್ನಡದಲ್ಲೇ ಬರೆದರೂ ಕಂಪ್ಯೂಟರ್ ಬೇಡವೆನ್ನುವುದಿಲ್ಲ. ಹೊಸ ಉಬುಂಟು ಸರ್ವರ್ ತೆಗೆದುಕೊಂಡವರಿಗೆ ಇನ್ನೊಂದು ಮಾತು: ಯುಎಫ್‌ಡಬ್ಲ್ಯು ಫೈರ್‌ವಾಲ್ ಚಾಲೂ ಮಾಡಿದರೆ ಹೊರಗಿನಿಂದ ಬರುವುದನ್ನೆಲ್ಲ ತಾನಾಗಿ ತಡೆಯುತ್ತದೆ. ‘ಅಲೌ ಓಪನ್‌ಎಸ್‌ಎಸ್‌ಎಚ್’ ಸಾಲು ಮೊದಲು, ‘ಎನೇಬಲ್’ ಆಮೇಲೆ. ತಿರುಗುಮುರುಗಾಗಿ, ‘ಅಲೌ’ ಹಾಕುವ ಮೊದಲೇ ಲಾಗ್‌ಔಟ್ ಆದವರು ಮತ್ತೆ ಒಳಗೆ ಬರಲಾರರು.